ಸ್ಲೈಸ್ ತಿದ್ದಿದ ಗಾಲ್ಫ್ ಪಾಠಗಳು

ಗಾಲ್ಫ್ ಆಡಲು ಆರಂಭಿಸಿ ನಾಲ್ಕು ವರ್ಷಗಳಾದ ಮೇಲೆ ನಾನು ಮೊದಲ ಬಾರಿಗೆ ಕ್ರಮವಾಗಿ ಪಾಠ ಹೇಳಿಸಿಕೊಳ್ಳಲು ಹೋದೆ. ಅಲ್ಲಿಯವರೆಗೆ ಜೊತೆಯ ಆಟಗಾರರು ಹೇಳಿದ್ದು, ವಿಡಿಯೊಗಳಲ್ಲಿ ಕಂಡದ್ದು, ನನಗೇ ಹೊಳೆದದ್ದು ಎಲ್ಲವನ್ನೂ ಬೆರೆಸಿಕೊಂಡು ಆಡುತ್ತಿದ್ದೆ. ಡ್ರೈವರ್‌ನಿಂದ, ಅಂದರೆ ಅತಿ ದೂರ ಹೊಡೆಯುವ ಕ್ಲಬ್ಬಿನಿಂದ (ಗಾಲ್ಫ್ ಕೋಲಿನಿಂದ), ಹೊಡೆದ ಚೆಂಡು ಹತ್ತರಲ್ಲಿ ಏಳು ಸಲ ಎಡಕ್ಕೆ ಹೊರಟು, ಅರ್ಧ ದಾರಿಯಲ್ಲಿ ಬಲಕ್ಕೆ ಬಾಗಿ, ಹುಲ್ಲು ಕತ್ತರಿಸಿದ ಹಾದಿಯಾದ ಫೇರ್‌ವೇಯನ್ನು ದಾಟಿ ಮರಗಳ ನಡುವೆ ಬೀಳುತ್ತಿತ್ತು. ಇದನ್ನೇ ಸ್ಲೈಸ್ ಎನ್ನುವುದು. ಬಲಗೈ ಆಟಗಾರರಲ್ಲಿ ಹೊಸಬರನ್ನು ಇದರಷ್ಟು ಕಾಡುವ ದೋಷ ಇನ್ನೊಂದಿರಲಾರದು.

ಚೆಂಡು ಬಲಕ್ಕೆ ಹೋಗುತ್ತದೆಯಾದ್ದರಿಂದ ಇನ್ನಷ್ಟು ಎಡಕ್ಕೆ ಗುರಿ ಇಟ್ಟು ಹೊಡೆದರೆ ಸರಿಹೋದೀತೆಂದು ನಾನು ನಂಬಿದ್ದೆ. ಪಾದಗಳನ್ನು ಎಡಕ್ಕೆ ತಿರುಗಿಸಿದೆ, ಭುಜಗಳನ್ನೂ ತಿರುಗಿಸಿದೆ, ಕ್ಲಬ್ಬನ್ನು ಹೊರಗಿನಿಂದ ಒಳಕ್ಕೆ ಇನ್ನಷ್ಟು ಬಲವಾಗಿ ಎಳೆದೆ. ಇದು ಬೆಂಕಿಗೆ ತುಪ್ಪ ಸುರಿದಂತಾಯಿತು. ಚೆಂಡು ಮೊದಲಿಗಿಂತ ಹೆಚ್ಚಾಗಿ ಬಾಗತೊಡಗಿತು. ಹಾಗೇಕಾಯಿತು ಎಂಬುದು ನನಗೆ ಅರ್ಥವಾದದ್ದು ಪಾಠಗಳಲ್ಲಿ. ಅದನ್ನು ಅರ್ಥಮಾಡಿಕೊಳ್ಳದೆ ಮಾಡಿದ ಅಭ್ಯಾಸವೆಲ್ಲ ತಪ್ಪನ್ನೇ ಗಟ್ಟಿಮಾಡುತ್ತದೆ ಎಂದು ನಾನು ಈಗ ಖಚಿತವಾಗಿ ಹೇಳಬಲ್ಲೆ.

ಕ್ಲಬ್ ಮತ್ತು ಚೆಂಡು ಒಂದಕ್ಕೊಂದು ತಾಗಿಕೊಂಡಿರುವುದು ಸುಮಾರು ಅರ್ಧ ಮಿಲಿಸೆಕೆಂಡ್, ಅಂದರೆ ಒಂದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಪಾಲು ಮಾತ್ರ. ಆ ಕ್ಷಣದಲ್ಲಿ ಎರಡು ಸಂಗತಿಗಳು ಮುಖ್ಯವಾಗುತ್ತವೆ: ಚೆಂಡಿಗೆ ತಾಗುವ ಕ್ಲಬ್ಬಿನ ಮುಖ ಯಾವ ಕಡೆ ನೋಡುತ್ತಿದೆ ಎಂಬುದು ಒಂದು, ಕ್ಲಬ್ ಯಾವ ದಾರಿಯಲ್ಲಿ ಸಾಗುತ್ತಿದೆ ಎಂಬುದು ಇನ್ನೊಂದು. ಚೆಂಡು ಹೊರಡುವ ದಿಕ್ಕನ್ನು ದಾರಿಯೇ ನಿರ್ಧರಿಸುತ್ತದೆ ಎಂದು ಬಹಳ ಕಾಲ ಕಲಿಸಲಾಗುತ್ತಿತ್ತು. ರೇಡಾರ್ ಬಳಸುವ ಅಳತೆಯ ಯಂತ್ರಗಳು ಬಂದ ಮೇಲೆ, ಚೆಂಡು ಹೊರಡುವ ದಿಕ್ಕಿನ ಬಹುಪಾಲು ಮುಖದ್ದೇ ಎಂದು ತಿಳಿದುಬಂತು. ಮುಖ ಮತ್ತು ದಾರಿಯ ನಡುವಿನ ಅಂತರ ಎಷ್ಟೋ ಅಷ್ಟು ಚೆಂಡು ಗಾಳಿಯಲ್ಲಿ ಬಾಗುತ್ತದೆ. ಕ್ಲಬ್ಬಿನ ದಾರಿ ಗುರಿಗಿಂತ 8 ಡಿಗ್ರಿ ಎಡಕ್ಕಿದ್ದು, ಮುಖ 2 ಡಿಗ್ರಿ ಎಡಕ್ಕಿದ್ದರೆ, ಚೆಂಡು ಸುಮಾರು 3 ಡಿಗ್ರಿ ಎಡಕ್ಕೆ ಹೊರಟು ಬಲಕ್ಕೆ ಬಾಗುತ್ತದೆ. ಏಕೆಂದರೆ ಮುಖವು ದಾರಿಗೆ ಹೋಲಿಸಿದರೆ 6 ಡಿಗ್ರಿ ಬಲಕ್ಕೆ ತೆರೆದುಕೊಂಡಿದೆ. ನಾನು ಎಡಕ್ಕೆ ಎಳೆದಷ್ಟೂ ದಾರಿ ಎಡಕ್ಕೆ ಸರಿಯುತ್ತಿತ್ತು, ಆ ಅಂತರ ಹಿಗ್ಗುತ್ತಿತ್ತು, ಸ್ಲೈಸ್ ಬೆಳೆಯುತ್ತಿತ್ತು.

ಮೊದಲು ಹೋದ ತರಬೇತುದಾರರ ಬಳಿ ನನಗೆ ಹೆಚ್ಚು ಪ್ರಯೋಜನವಾಗಲಿಲ್ಲ. ಒಂದೇ ಗಂಟೆಯಲ್ಲಿ ತಲೆ, ಮೊಣಕೈ, ಸೊಂಟ, ಮೊಣಕಾಲು, ಮಣಿಕಟ್ಟು ಎಂದು ಏಳು ಸೂಚನೆಗಳು ಬಂದವು. ಮನೆಗೆ ಹೋಗಿ ಬರೆದಿಟ್ಟುಕೊಂಡರೂ ಮರುದಿನ ಚೆಂಡಿನ ಮುಂದೆ ನಿಂತಾಗ ಯಾವುದನ್ನು ಮೊದಲು ನೆನೆಯಬೇಕೆಂದು ತಿಳಿಯಲಿಲ್ಲ. ಎರಡನೆಯವರು ಹತ್ತು ಚೆಂಡುಗಳು ಹಾರುವುದನ್ನು ಮೌನವಾಗಿ ನೋಡಿದರು. ಆಮೇಲೆ ನನ್ನ ಎಡಗೈಯ ಗ್ಲೌಸನ್ನು ಬಿಚ್ಚಿಸಿ ಅಂಗೈಯ ಬುಡವನ್ನು ತೋರಿಸಿದರು. ಕಿರುಬೆರಳಿನ ಕೆಳಗಿನ ಆ ದಪ್ಪ ಭಾಗದಲ್ಲಿ ಗ್ಲೌಸಿನ ಚರ್ಮ ಸವೆದು ಬಟಾಣಿಯಷ್ಟು ತೂತು ಬಿದ್ದಿತ್ತು. "ಕ್ಲಬ್ ನಿಮ್ಮ ಬೆರಳುಗಳಲ್ಲಿಲ್ಲ, ಅಂಗೈಯಲ್ಲಿದೆ. ಪ್ರತಿ ಹೊಡೆತದಲ್ಲೂ ಅಲ್ಲಿ ಜಾರುತ್ತಿದೆ. ಇವತ್ತು ಹಿಡಿತ ಒಂದನ್ನೇ ನೋಡೋಣ, ಬೇರೇನೂ ಬೇಡ," ಎಂದರು. ಒಂದು ಪಾಠಕ್ಕೆ ಒಂದೇ ಬದಲಾವಣೆ ಎಂಬ ಅವರ ಈ ಶಿಸ್ತೇ ನನ್ನನ್ನು ಅವರ ಬಳಿ ಉಳಿಸಿತು. ಹೊಸದಾಗಿ ತರಬೇತಿಗೆ ಸೇರುವವರಿಗೆ ನಾನು ಹೇಳುವುದೂ ಇದನ್ನೇ: ಸೂಚನೆ ಕೊಡುವ ಮೊದಲು ಚೆಂಡಿನ ಹಾರಾಟವನ್ನು ನೋಡುವವರನ್ನು ಹುಡುಕಿಕೊಳ್ಳಿ.

ಹಿಡಿತದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಎಡಗೈಯಲ್ಲಿ ಕ್ಲಬ್ ಬೆರಳುಗಳ ಬುಡದಲ್ಲಿ ಓರೆಯಾಗಿ ಮಲಗಬೇಕು, ಅಂಗೈಯ ದಪ್ಪ ಭಾಗ ಅದರ ಮೇಲೆ ಕೂರಬೇಕು. ತಲೆ ಬಗ್ಗಿಸಿ ನೋಡಿದಾಗ ನನಗೆ ಎಡಗೈಯ ಒಂದೇ ಗೆಣ್ಣು ಕಾಣುತ್ತಿತ್ತು. ಅವರು ಕೈಯನ್ನು ಬಲಕ್ಕೆ ಹೊರಳಿಸಿ ಎರಡೂವರೆ ಗೆಣ್ಣು ಕಾಣುವಂತೆ ಮಾಡಿದರು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಗೆರೆ ಗದ್ದದ ಕಡೆಗಿದ್ದದ್ದು ಬಲ ಭುಜದ ಕಡೆಗೆ ತಿರುಗಿತು. ಹೊಡೆತದ ವೇಗದಲ್ಲಿ ಕೈಗಳು ತಮ್ಮ ಸಹಜ ಸ್ಥಿತಿಗೆ ಮರಳುವುದರಿಂದ, ಆರಂಭದಲ್ಲೇ ಎಡಕ್ಕೆ ಹೊರಳಿದ ಕೈ ಮರಳುವಾಗ ಮುಖವನ್ನು ತೆರೆದುಬಿಡುತ್ತದೆ. ಬಲಗೈಯ ಕಿರುಬೆರಳನ್ನು ಎಡಗೈಯ ಬೆರಳುಗಳ ಮೇಲೆ ಇರಿಸುವ ಹಿಡಿತ ಹ್ಯಾರಿ ವಾರ್ಡನ್ ಅವರ ಹೆಸರಿನಲ್ಲಿಯೇ ಪ್ರಸಿದ್ಧವಾಗಿದೆ. ಅವರು 1896ರಿಂದ 1914ರ ನಡುವೆ ಬ್ರಿಟನ್ನಿನ ಓಪನ್ ಚಾಂಪಿಯನ್‌ಷಿಪ್ಪನ್ನು ಆರು ಬಾರಿ ಗೆದ್ದವರು. ಜ್ಯಾಕ್ ನಿಕ್ಲಾಸ್ ಮತ್ತು ಟೈಗರ್ ವುಡ್ಸ್ ಬೆರಳುಗಳನ್ನು ಒಂದಕ್ಕೊಂದು ಹೆಣೆದುಕೊಂಡೇ ಆಡಿದರು. ಆದ್ದರಿಂದ ಬೆರಳು ಮೇಲೋ ಹೆಣಿಗೆಯೋ ಎಂಬ ಚರ್ಚೆಯಲ್ಲಿ ಹೊತ್ತು ಕಳೆಯುವುದು ವ್ಯರ್ಥ. ಕೈ ಎಷ್ಟು ಹೊರಳಿದೆ ಎಂಬುದೇ ಮುಖ್ಯ.

ಹೊಸ ಹಿಡಿತ ಕೈಗೆ ಹತ್ತಲು ಸುಮಾರು ಆರು ವಾರ ಬೇಕಾಯಿತು. ಮೊದಲ ದಿನಗಳಲ್ಲಿ ಕ್ಲಬ್ ಕೈಯಿಂದ ಹಾರಿಹೋಗುವುದೇನೋ ಎನ್ನಿಸುತ್ತಿತ್ತು, ಚೆಂಡುಗಳೆಲ್ಲ ಗುರಿಯಿಂದ ಬಹಳ ಎಡಕ್ಕೆ ಹೋಗಿ ಬೀಳುತ್ತಿದ್ದವು. ನಾನು ಗಾಬರಿಯಾದರೆ ಅವರು ಸಂತೋಷಪಟ್ಟರು. "ಎಡಕ್ಕೆ ಹೋದರೂ ನೇರವಾಗಿ ಹೋಗುತ್ತಿದೆ, ಬಾಗುತ್ತಿಲ್ಲ, ನೋಡಿ. ಅಂದರೆ ಮುಖ ಮತ್ತು ದಾರಿ ಒಂದಾಗಿವೆ. ಇನ್ನು ದಾರಿಯನ್ನು ತಿದ್ದಿದರೆ ಆಯಿತು," ಎಂದರು. ಯಾರೂ ಜೊತೆಗಿಲ್ಲದೆ ಹೋಗಿದ್ದರೆ ಅಲ್ಲಿಗೇ ಬಿಟ್ಟು ಹಳೆಯ ಹಿಡಿತಕ್ಕೆ ಮರಳುತ್ತಿದ್ದೆ. ಫಲಿತಾಂಶ ಕೆಟ್ಟಂತೆ ಕಂಡರೂ ಕೆಲಸ ಸರಿಯಾದ ದಿಕ್ಕಿನಲ್ಲಿ ಸಾಗುತ್ತಿದೆ ಎಂದು ಗುರುತಿಸಬಲ್ಲ ಕಣ್ಣಿಗಾಗಿಯೇ ನಾವು ಪಾಠಕ್ಕೆ ಹಣ ಕೊಡುವುದು.

ದಾರಿಯನ್ನು ತಿದ್ದಲು ಅವರು ಡ್ರೈವರ್‌ನ ತಲೆಗೆ ಹಾಕುವ ಬಟ್ಟೆಯ ಕವಚವನ್ನು ಚೆಂಡಿನ ಹೊರಬದಿಯಲ್ಲಿ, ಸ್ವಲ್ಪ ಹಿಂದಕ್ಕೆ ಇಟ್ಟರು. ಕ್ಲಬ್ ಹೊರಗಿನಿಂದ ಇಳಿದರೆ ಅದು ಕವಚಕ್ಕೆ ಬಡಿಯುತ್ತದೆ, ಒಳಗಿನಿಂದ ಇಳಿದರೆ ಚೆಂಡನ್ನಷ್ಟೇ ತಾಗುತ್ತದೆ. ಮೊದಲ ಐದು ಸಲ ಕವಚ ಧಪ್ಪನೆ ಮುಂದೆ ಹಾರಿತು. ಅದರ ಜೊತೆಗೆ ನೆಲದ ಮೇಲೆ ಒಂದು ಕಡ್ಡಿ ಇಟ್ಟು, ಪಾದಗಳನ್ನು ಅದಕ್ಕೆ ಸಮಾನಾಂತರವಾಗಿ ಇರಿಸುವಂತೆ ಹೇಳಿದರು. ಹಾಗೆ ನಿಂತಾಗ ನಾನು ಗುರಿಯ ಬಲಕ್ಕೆ, ಪಕ್ಕದ ಹಾದಿಯನ್ನೇ ನೋಡುತ್ತಿದ್ದೇನೆ ಎಂಬ ಭಾವನೆ ಬಂತು. ಕ್ಲಬ್ಬನ್ನು ಬಲಕ್ಕೆ 30 ಡಿಗ್ರಿಯಷ್ಟು ಬೀಸಿದೆನೆಂದು ನನಗನ್ನಿಸಿದ ಹೊಡೆತವನ್ನು ಫೋನಿನಲ್ಲಿ ಚಿತ್ರೀಕರಿಸಿ ತೋರಿಸಿದಾಗ, ಅದು ಗುರಿಯ ಗೆರೆಯ ಮೇಲೆ ಹೆಚ್ಚುಕಡಿಮೆ ನೇರವಾಗಿಯೇ ಇತ್ತು. ದೇಹಕ್ಕೆ ಅನ್ನಿಸುವುದು ಬೇರೆ, ಆಗುವುದು ಬೇರೆ. ಇಷ್ಟು ವರ್ಷ ಅನ್ನಿಸಿಕೆಯನ್ನೇ ನಂಬಿ ಅಭ್ಯಾಸ ಮಾಡಿದ್ದೆನಲ್ಲ ಎಂದು ಅಂದು ಬಹಳ ನೊಂದುಕೊಂಡೆ. ಅಂದಿನಿಂದ ಪ್ರತಿ ಅಭ್ಯಾಸದಲ್ಲೂ ಎರಡು ಮೂರು ಹೊಡೆತಗಳನ್ನಾದರೂ ಹಿಂದಿನಿಂದ ಚಿತ್ರೀಕರಿಸಿ ನೋಡುತ್ತೇನೆ, ಮತ್ತು ಹೊಸದನ್ನು ಕಲಿಯುವಾಗ ಅರ್ಧ ವೇಗಕ್ಕಿಂತ ಹೆಚ್ಚು ಬೀಸುವುದಿಲ್ಲ.

ಐರನ್‌ಗಳ, ಅಂದರೆ ಲೋಹದ ಚಪ್ಪಟೆ ತಲೆಯ ಕ್ಲಬ್ಬುಗಳ, ದೋಷ ಬೇರೆಯದಾಗಿತ್ತು. ಚೆಂಡನ್ನು ಮೇಲೆತ್ತಬೇಕೆಂಬ ಆಸೆಯಿಂದ ನಾನು ಅದನ್ನು ಸೌಟಿನಲ್ಲಿ ಬಡಿಸುವಂತೆ ಎತ್ತಲು ಹೋಗುತ್ತಿದ್ದೆ. ಹೀಗಾಗಿ ಕ್ಲಬ್ ಒಮ್ಮೆ ಚೆಂಡಿನ ಹಿಂದಿನ ನೆಲವನ್ನು ಅಗೆಯುತ್ತಿತ್ತು, ಮತ್ತೊಮ್ಮೆ ಚೆಂಡಿನ ನೆತ್ತಿಗೆ ಬಡಿಯುತ್ತಿತ್ತು. ಚೆಂಡನ್ನು ಎತ್ತುವ ಕೆಲಸ ಕ್ಲಬ್ಬಿನ ಮುಖದ ಇಳಿಜಾರಿನದು. ಆಟಗಾರ ಮಾಡಬೇಕಾದದ್ದು ಮೊದಲು ಚೆಂಡನ್ನು, ಆಮೇಲೆ ನೆಲವನ್ನು ತಾಗುವಂತೆ ಬೀಸುವುದು. ಇದಕ್ಕಾಗಿ ಹುಲ್ಲಿನ ಮೇಲೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆದು, ಚೆಂಡಿಲ್ಲದೆಯೇ ಬೀಸಿ, ಕಿತ್ತುಬರುವ ಹುಲ್ಲುಮಣ್ಣು ಗೆರೆಯಿಂದ ಗುರಿಯ ಕಡೆಗೇ ಆರಂಭವಾಗಬೇಕೆಂದು ಹೇಳಿದರು. ಮೊದಲ ಇಪ್ಪತ್ತು ಗುರುತುಗಳಲ್ಲಿ ಹದಿನೈದು ಗೆರೆಯ ಹಿಂದೆಯೇ ಬಿದ್ದಿದ್ದವು. ಭಾರವನ್ನು ಎಡಗಾಲಿಗೆ ಬೇಗ ಸಾಗಿಸಲು ಕಲಿತ ಮೇಲೆ ಗುರುತುಗಳು ಒಂದೊಂದಾಗಿ ಮುಂದಕ್ಕೆ ಸರಿದವು. ನಾನು ಮಾಡಿದ ಅಭ್ಯಾಸಗಳಲ್ಲಿ ಇದರಷ್ಟು ಪ್ರಾಮಾಣಿಕವಾದದ್ದು ಇನ್ನೊಂದಿಲ್ಲ. ಚೆಂಡು ಅದೃಷ್ಟದಿಂದ ಚೆನ್ನಾಗಿ ಹೋಗಬಹುದು, ಆದರೆ ನೆಲದ ಗುರುತು ಸುಳ್ಳು ಹೇಳುವುದಿಲ್ಲ. ಮರಳಿನ ಹೊಂಡವಾದ ಬಂಕರ್‌ನಲ್ಲಿ ಮಾತ್ರ ನಿಯಮ ತಿರುಗುಮುರುಗು: ಅಲ್ಲಿ ಮುಖವನ್ನು ತೆರೆದು, ಚೆಂಡಿನ ಒಂದೆರಡು ಅಂಗುಲ ಹಿಂದಿನ ಮರಳನ್ನು ಹೊಡೆಯಬೇಕು, ಬೀಸನ್ನು ನಡುವೆ ನಿಲ್ಲಿಸಬಾರದು.

ಪಟಿಂಗ್‌ಗೆ, ಅಂದರೆ ಪಟರ್ ಎಂಬ ಕ್ಲಬ್ಬಿನಿಂದ ಚೆಂಡನ್ನು ಉರುಳಿಸಿ ಕುಳಿಗೆ ಸೇರಿಸುವುದಕ್ಕೆ, ಪಾಠ ಬೇಕೆಂದು ಬಹಳ ಜನ ಭಾವಿಸುವುದಿಲ್ಲ. ಆದರೆ ಹದಿನೆಂಟು ಕುಳಿಗಳಿಗೆ 72 ಹೊಡೆತಗಳೆಂಬ ಪಾರ್ ಲೆಕ್ಕದಲ್ಲಿ ಪ್ರತಿ ಗ್ರೀನ್‌ಗೆ (ಕುಳಿಯ ಸುತ್ತಲಿನ ನುಣುಪು ಹುಲ್ಲಿಗೆ) ಎರಡರಂತೆ 36 ಹೊಡೆತಗಳು, ಅಂದರೆ ಸರಿಯಾಗಿ ಅರ್ಧ, ಪಟರ್‌ಗೇ ಮೀಸಲಾಗಿವೆ. ಕುಳಿಯ ವ್ಯಾಸ 108 ಮಿಲಿಮೀಟರ್. 3 ಮೀಟರ್ ದೂರದಿಂದ ಪಟರ್‌ನ ಮುಖ ಒಂದು ಡಿಗ್ರಿ ತಪ್ಪಿದರೂ ಚೆಂಡು ಕುಳಿಯ ಅಂಚಿಗೆ ಹೋಗಿ ನಿಲ್ಲುವಷ್ಟು ಸರಿಯುತ್ತದೆ, ಎರಡು ಡಿಗ್ರಿ ತಪ್ಪಿದರೆ ಆಸೆಯೇ ಇಲ್ಲ. ವೃತ್ತಿಪರ ಪಂದ್ಯಗಳ ಆಟಗಾರರೇ 8 ಅಡಿ ದೂರದ ಪಟ್‌ಗಳಲ್ಲಿ ಸುಮಾರು ಅರ್ಧವನ್ನು ಮಾತ್ರ ಕುಳಿಗೆ ಸೇರಿಸುತ್ತಾರೆ ಎಂದು ತಿಳಿದಾಗ ನನ್ನ ಮನಸ್ಸು ಹಗುರಾಯಿತು, ಅಭ್ಯಾಸದ ಗುರಿಯೂ ಬದಲಾಯಿತು. ಈಗ ಮೂರು ನಾಲ್ಕು ಅಡಿಯ ಪಟ್‌ಗಳಿಗೆ ಎರಡು ಟೀಗಳನ್ನು (ಚೆಂಡನ್ನಿಡುವ ಸಣ್ಣ ಗೂಟಗಳನ್ನು) ಪಟರ್‌ನ ಅಗಲಕ್ಕಿಂತ ತುಸು ಹೆಚ್ಚಿನ ಅಂತರದಲ್ಲಿ ನೆಟ್ಟು, ಅವುಗಳಿಗೆ ತಾಗದಂತೆ ನಡುವೆ ಹೊಡೆಯುತ್ತೇನೆ. ಮೂವತ್ತು ನಲವತ್ತು ಅಡಿಯಿಂದ ಕುಳಿಯನ್ನು ಮರೆತು ದೂರವನ್ನಷ್ಟೇ ಅಂದಾಜು ಮಾಡುತ್ತೇನೆ. ಮೂರು ಪಟ್‌ಗಳು ಬೇಕಾಗುವುದು ಹೆಚ್ಚಾಗಿ ದಿಕ್ಕು ತಪ್ಪಿದ್ದರಿಂದಲ್ಲ, ದೂರ ತಪ್ಪಿದ್ದರಿಂದ.

ಅಭ್ಯಾಸದ ಕ್ರಮವನ್ನೂ ಬದಲಿಸಿಕೊಂಡೆ. ಮೊದಲು ನೂರು ಚೆಂಡುಗಳ ಬುಟ್ಟಿಯನ್ನು ಒಂದೇ ಕ್ಲಬ್ಬಿನಿಂದ, ಒಂದೇ ಗುರಿಗೆ, ಮುಕ್ಕಾಲು ಗಂಟೆಯಲ್ಲಿ ಖಾಲಿಮಾಡುತ್ತಿದ್ದೆ. ಹಾಗೆ ಹೊಡೆಯುವಾಗ ಕೊನೆಯ ಮೂವತ್ತು ಚೆಂಡುಗಳು ಚೆನ್ನಾಗಿಯೇ ಹೋಗುತ್ತವೆ, ಆದರೆ ಅಂಗಳದಲ್ಲಿ ಅದೇ ಹೊಡೆತ ಎರಡನೆಯ ಸಲ ಎಲ್ಲೂ ಎದುರಾಗುವುದಿಲ್ಲ. ಈಗ ಹೊಸ ಚಲನೆಗೆ ಇಪ್ಪತ್ತು ನಿಧಾನದ ಹೊಡೆತಗಳನ್ನು ಮೀಸಲಿಟ್ಟು, ಇನ್ನು ಮೂವತ್ತನ್ನು ಪ್ರತಿ ಸಲ ಕ್ಲಬ್ ಮತ್ತು ಗುರಿ ಎರಡನ್ನೂ ಬದಲಿಸಿ, ಪ್ರತಿ ಚೆಂಡಿನ ಹಿಂದೆ ನಿಂತು ನೋಡಿ ಹೊಡೆಯುತ್ತೇನೆ. ಪಾಠಗಳ ನಡುವೆ ಮೂರು ವಾರ ಬಿಡುತ್ತೇನೆ.

ಹ್ಯಾಂಡಿಕ್ಯಾಪ್ ಎಂದರೆ ಆಟಗಾರನ ಮಟ್ಟ ತಿಳಿಸುವ ಅಂಕಿ, ಕಡಿಮೆಯಾದಷ್ಟೂ ಒಳ್ಳೆಯದು. 2020ರಿಂದ ಜಾರಿಯಲ್ಲಿರುವ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಕೊನೆಯ 20 ಸುತ್ತುಗಳಲ್ಲಿ ಉತ್ತಮವಾದ 8ನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಒಂದು ವರ್ಷದಲ್ಲಿ ನನ್ನ ಹ್ಯಾಂಡಿಕ್ಯಾಪ್ 24ರಿಂದ 17ಕ್ಕೆ ಇಳಿದಿದೆ. ಡ್ರೈವರ್ ಈಗಲೂ ಬಲಕ್ಕೆ ಬಾಗುತ್ತದೆ, ಆದರೆ ಫೇರ್‌ವೇಯ ಒಳಗೇ ಉಳಿಯುವಷ್ಟು ಮಾತ್ರ. ಕಳೆದ ವಾರದಿಂದ ಚೆಂಡನ್ನು ಎತ್ತರಕ್ಕೆ ಹಾರಿಸಿ ಗ್ರೀನ್ ಮೇಲೆ ಇಳಿಸುವ 50 ಗಜದ ಪಿಚ್ ಹೊಡೆತವನ್ನು ಕೈಗೆತ್ತಿಕೊಂಡಿದ್ದೇವೆ: ಮುಖ ಹೆಚ್ಚು ಇಳಿಜಾರಾಗಿರುವ ವೆಜ್ ಎಂಬ ಕ್ಲಬ್ಬನ್ನು ಸೊಂಟದ ಎತ್ತರದವರೆಗೆ ಮಾತ್ರ ಎತ್ತುವುದು, ಎದೆಯನ್ನು ಗುರಿಯ ಕಡೆಗೆ ತಿರುಗಿಸುತ್ತ ಮುಗಿಸುವುದು. ಸದ್ಯಕ್ಕೆ ಹತ್ತರಲ್ಲಿ ನಾಲ್ಕು ಗ್ರೀನ್ ಮೇಲೆ ನಿಲ್ಲುತ್ತಿವೆ, ಉಳಿದವು ಮೊದಲೇ ಬೀಳುತ್ತಿವೆ, ಏಕೆಂದರೆ ಚೆಂಡನ್ನು ತಾಗುವ ಹೊತ್ತಿಗೆ ನನ್ನ ದೇಹ ತಿರುಗುವುದನ್ನು ನಿಲ್ಲಿಸಿಬಿಡುತ್ತದೆ.