ಹಡಗು ಹತ್ತೋದಾ, ಬೇಡ್ವಾ?

ಮದುವೆಯಾಗಿ 25 ವರ್ಷ ಆಯಿತು, ಮುಂಬೈಯಿಂದ ಹಡಗಿನಲ್ಲಿ ಲಕ್ಷದ್ವೀಪಕ್ಕೆ ಹೋಗಿ ಬನ್ನಿ ಅಂತ ಮಗಳ ಹಟ. ನಮ್ಮೆಜಮಾನ್ರಿಗೆ ಆಸೆ. ನನಗೆ ಅನುಮಾನ.

ರಾತ್ರಿ ಮುದ್ದೆ ಊಟ ಮುಗಿಸಿ ಲೆಕ್ಕಕ್ಕೆ ಕೂತೆವು. ಜಾಹೀರಾತಿನಲ್ಲಿ ತೋರಿಸುವ ದರ ಒಂದು, ಕಟ್ಟುವುದು ಇನ್ನೊಂದು. ತೆರಿಗೆ, ಬಂದರು ಶುಲ್ಕ ಎಲ್ಲ ಆಮೇಲೆ ಸೇರುತ್ತವೆ. ಮಂಡ್ಯದಿಂದ ಮುಂಬೈಗೆ ಹೋಗಿ ಬರುವ ಖರ್ಚು ಬೇರೆ. ಅಗ್ಗದ ರೂಮಿಗೆ ಕಿಟಕಿಯೇ ಇರುವುದಿಲ್ಲ. ಸಮುದ್ರ ನೋಡಲು ಹೋಗಿ ಗೋಡೆ ನೋಡಿಕೊಂಡು ಮಲಗುವುದಾ?

ನನ್ನ ನಿಜವಾದ ಭಯ ವಾಂತಿ. ಮಡಿಕೇರಿ ಬಸ್ಸಿನಲ್ಲಿ ಕುಶಾಲನಗರ ದಾಟುವ ಹೊತ್ತಿಗೇ ನನ್ನ ಕೈಯಲ್ಲಿ ನಿಂಬೆಹಣ್ಣು ಇರುತ್ತದೆ. ಮೂಸಿ ಮೂಸಿ ಸಿಪ್ಪೆಯೆಲ್ಲ ಬಾಡಿರುತ್ತೆ. ಹಡಗಿನ ಮಧ್ಯಭಾಗದಲ್ಲಿ, ಕೆಳಗಿನ ಮಹಡಿಯಲ್ಲಿ ರೂಮು ಹಿಡಿದರೆ ತೂಗಾಟ ಕಡಿಮೆ. ಮಳೆಗಾಲದ ಅರಬ್ಬೀ ಸಮುದ್ರವಂತೂ ಬೇಡವೇ ಬೇಡ.

"ರಂಗನತಿಟ್ಟಿನ ದೋಣಿಯಲ್ಲಿ ಆರಾಮಾಗಿದ್ದೆಯಲ್ಲೇ" ಅಂದರು. ಅಲ್ಲಿ ಸಾಕೆನಿಸಿದರೆ ದಡ ಕಣ್ಣೆದುರೇ ಇರುತ್ತದೆ, ಅಲ್ವಾ? ನಡುಸಮುದ್ರದಲ್ಲಿ ಯಾರಿಗೆ "ಸ್ವಲ್ಪ ನಿಲ್ಸಿ" ಅನ್ನಲಿ?

ಒಂದು ಮಾತ್ರ ನನಗೂ ಇಷ್ಟವಾಯಿತು. ಪೆಟ್ಟಿಗೆ ಒಂದೇ ಸಲ ಬಿಚ್ಚಿದರೆ ಸಾಕು. ದಿನಾ ಲಾಡ್ಜ್ ಬದಲಿಸುವ ರಗಳೆ ಇಲ್ಲ, ಅಡುಗೆ ಮೊದಲೇ ಇಲ್ಲ. ಅವರಿಗೆ ಸುಮ್ನೆ ಕೂರಲು ಬರುವುದಿಲ್ಲ, ಅವರೇನು ಮಾಡುತ್ತಾರೋ.

"ಮೊದಲು ಗೋವಾಗೆ ಎರಡು ರಾತ್ರಿಯದ್ದು ನೋಡೋಣ" ಅಂದೆ. ಬೆಳಗ್ಗೆ ಎದ್ದರೆ, ಅಟ್ಟದ ಮೇಲಿನ ಸೂಟ್‌ಕೇಸ್ ಇಳಿಸಿ ಧೂಳು ಒರೆಸುತ್ತಿದ್ದಾರೆ.