ಒಂದು ತಲೆ ಜಾಸ್ತಿ

ನಾವು ಕ್ಲಬ್ಬಿಗೆ ಸೇರಿ ನಾಲ್ಕು ವರ್ಷ ಆಗಿತ್ತು. ಬೇಸಿಗೆ ಬಂತು ಅಂದರೆ ಅವರ ಕಾರ್ಯಕ್ರಮದ ಪಟ್ಟಿ ವಾಟ್ಸಾಪ್‌ಗೆ ಬಂದು ಬೀಳುತ್ತಿತ್ತು. ಒಂದು ವಾರ ಕೆರೆ ದಂಡೆ, ಇನ್ನೊಂದು ವಾರ ಸೈಕಲ್ ಸವಾರಿ, ಮಧ್ಯೆ ಒಂದು ರಾತ್ರಿ ಟೆಂಟ್ ಹಾಕಿ ನಕ್ಷತ್ರ ನೋಡೋದು. ನಾನು ಅದಕ್ಕೊಂದು ಹೆಬ್ಬೆರಳು ಒತ್ತಿ ಸುಮ್ಮನಾಗುತ್ತಿದ್ದೆ. ಆ ಸಲ ಮಗಳು ನನ್ನ ಫೋನಿನಿಂದಲೇ "ನಾವು ನಾಲ್ಕು ಜನ ಬರ್ತೀವಿ" ಅಂತ ಕಳಿಸಿಬಿಟ್ಟಿದ್ದಳು. ನಾಲ್ಕನೆಯವರು ನಮ್ಮಪ್ಪ. ಅವರಿಗೂ ವಿಷಯ ಗೊತ್ತಾಗಿದ್ದು ಹಿಂದಿನ ರಾತ್ರಿ.

ಬಸ್ ಹತ್ತಿರ ಹೋಗುತ್ತಿದ್ದ ಹಾಗೇ ಕಾರ್ಯದರ್ಶಿ ಮೇಡಂ ಎಲ್ಲರ ಕೈಗೂ ಒಂದೊಂದು ಹಳದಿ ಟೋಪಿ ಕೊಟ್ಟರು. ನನ್ನ ಕೈಗೆ ಮಾತ್ರ ಟೋಪಿ ಜೊತೆಗೆ ಒಂದು ನೋಟ್‌ಬುಕ್ಕೂ ಬಂತು. "ಹೊಸಬರು ನೀವು, ಎಣಿಸೋ ಕೆಲಸ ನೋಡ್ಕೊಳ್ಳಿ. ಬಸ್ ಹತ್ತುವಾಗ, ಇಳಿಯುವಾಗ, ಊಟಕ್ಕೆ ಮುಂಚೆ, ಹೊರಡುವಾಗ. ಅಂದಹಾಗೆ ತಲೆ ಎಣಿಸಿ, ಟೋಪಿ ಎಣಿಸಬೇಡಿ." ಎರಡೂ ಒಂದೇ ಅಲ್ವಾ ಅಂದೆ. ಅವರು ಆಗಲೇ ಇನ್ಯಾರನ್ನೋ ಕೂಗುತ್ತಾ ಹೊರಟುಹೋಗಿದ್ದರು. ನನ್ನನ್ನೂ ಸೇರಿಸಿ 43 ಜನ.

ಕೆರೆ ತಲುಪಿದ ಮೇಲೆ ಮೊದಲ ಅರ್ಧ ಗಂಟೆ ಬರೀ ಕ್ರೀಮ್ ಹಚ್ಚುವುದರಲ್ಲೇ ಹೋಯಿತು. ಬಿಸಿಲಿನ ಕ್ರೀಮನ್ನು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು, ನೀರಿಗೆ ಇಳಿದು ಬಂದರೆ ಆಗಲೂ ಹಚ್ಚಬೇಕು ಅಂತ ನನ್ನ ಹೆಂಡತಿ ಹಠ ಹಿಡಿದಿದ್ದಳು. ಅಪ್ಪ ಕೈ ಅಡ್ಡ ಹಿಡಿದು "ನಾನೇನು ಗೋಡೆಯಾ, ಎರಡೆರಡು ಕೋಟ್ ಹೊಡೆಯೋಕೆ?" ಅಂದುಬಿಟ್ಟರು. ಸಂಜೆ ಅವರ ಮೂಗು ಕೆಂಪಗಾಗಿದ್ದು ಬೇರೆ ವಿಷಯ.

ದೋಣಿಯ ಹುಡುಗ ನನಗೆ ಬಹಳ ಹಿಡಿಸಿದ. ಮಗಳಿಗೆ ಲೈಫ್ ಜಾಕೆಟ್ ಹಾಕಿ, ಬಕಲ್ ಎಲ್ಲಾ ಬಿಗಿದು, ನಾನು ಆಯ್ತು ಅಂದುಕೊಳ್ಳುವಾಗ ಅವನು ಜಾಕೆಟ್‌ನ ಎರಡೂ ಭುಜ ಹಿಡಿದು ಮೇಲಕ್ಕೆ ಎಳೆದ. ಅದು ಅವಳ ಕಿವಿಯವರೆಗೆ ಎದ್ದು ಬಂತು, ಮುಖ ಅರ್ಧ ಮುಚ್ಚಿಹೋಯಿತು. "ನೀರಲ್ಲಿ ಬಿದ್ದರೆ ಹೀಗೇ ಆಗುತ್ತೆ ಸರ್, ಜಾಕೆಟ್ ತೇಲುತ್ತೆ, ಮಗು ಕೆಳಗೆ ಜಾರುತ್ತೆ" ಅಂತ ಹೇಳಿ ಸಣ್ಣ ಅಳತೆಯದ್ದು ತಂದ. ನಾನು ಇಷ್ಟು ದಿನ ಬಣ್ಣ ನೋಡಿ ಆರಿಸುತ್ತಿದ್ದೆ, ಸತ್ಯವಾಗಿಯೂ.

ಆಮೇಲೆ ಹಗ್ಗ ಜಗ್ಗಾಟ. ಕ್ಲಬ್ಬಿನಲ್ಲಿ ಒಬ್ಬರು ನಿವೃತ್ತ ಪಿಟಿ ಮೇಷ್ಟ್ರು ಇದ್ದಾರೆ, ಅವರಿಗೆ ಇದು ಆಟ ಅಲ್ಲ, ವ್ರತ. ಹಗ್ಗ ಬಿಚ್ಚುವ ಮುಂಚೆಯೇ ಭಾಷಣ ಶುರುವಾಯಿತು. ಇದು 1900ರಿಂದ 1920ರವರೆಗೆ ಒಲಿಂಪಿಕ್ಸ್‌ನಲ್ಲಿ ಇತ್ತು, ಸ್ಪರ್ಧೆಯಲ್ಲಿ ಒಂದು ಕಡೆಗೆ ಎಂಟೇ ಜನ, ಎದುರಿನವರನ್ನು 4 ಮೀಟರ್ ಎಳೆದರೆ ಗೆದ್ದ ಹಾಗೆ. "ಯಾರೂ ಹಗ್ಗಾನ ಕೈಗೆ ಸುತ್ತಿಕೊಳ್ಳಬಾರದು, ಬೆರಳು ಹೋಗುತ್ತೆ!" ಅಂತ ಮೂರು ಸಲ ಕೂಗಿದರು. ಎಂಟೇ ಜನ ಅಂತ ಅವರು ಹೇಳಿದ್ದನ್ನು ಯಾರು ಕೇಳುತ್ತಾರೆ? ಮಕ್ಕಳೆಲ್ಲ ಬಂದು ಹಗ್ಗಕ್ಕೆ ಜೋತುಬಿದ್ದರು. ನನ್ನ ಮುಂದೆ ಆರೇಳು ವರ್ಷದ ಒಬ್ಬ ಹುಡುಗ. ಚಪ್ಪಲಿ ಬಿಟ್ಟು, ಹಲ್ಲು ಕಚ್ಚಿ ಎಳೆಯುತ್ತಿದ್ದ. "ಹಿಮ್ಮಡಿ ಊರು ಮರಿ, ಹಿಂದಕ್ಕೆ ಬಾಗು" ಅಂತ ನಾನೇ ಹೇಳಿಕೊಟ್ಟೆ. ಮೂರು ಆಟದಲ್ಲಿ ಎರಡು ಸೋತೆವು. ಅಂಗೈ ಉರಿಯುತ್ತಿತ್ತು, ಆದರೂ ಇಷ್ಟು ನಕ್ಕು ಎಷ್ಟು ವರ್ಷವಾಗಿತ್ತೋ.

ಊಟಕ್ಕೆ ಮುಂಚೆ ಎಣಿಸಿದೆ. 44.

ಮತ್ತೆ ಎಣಿಸಿದೆ. 44. ಹೊಳೆ ದಾಟಿದ ಹತ್ತು ಜನ ತಮ್ಮನ್ನು ತಾವೇ ಬಿಟ್ಟು ಎಣಿಸಿ, ಒಬ್ಬ ಮುಳುಗಿಹೋದ ಅಂತ ಅತ್ತ ಕತೆ ಇದೆಯಲ್ಲ, ನನ್ನದು ಅದರ ಉಲ್ಟಾ. ನಗುತ್ತಲೇ ಮೇಡಂ ಹತ್ತಿರ ಹೋಗಿ, "ಕಮ್ಮಿ ಆಗಿಲ್ಲ ಮೇಡಂ, ಒಂದು ಜಾಸ್ತಿನೇ ಇದೆ" ಅಂದೆ. ಅವರು ನಗಲಿಲ್ಲ. ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು, "ಇಲ್ಲಿ ಜಾಸ್ತಿ ಆಗಿದೆ ಅಂದ್ರೆ ಇನ್ನೆಲ್ಲೋ ಕಮ್ಮಿ ಆಗಿದೆ ಅಲ್ವಾ?" ಅಂದರು.

ಹೊಟ್ಟೆಯಲ್ಲಿ ಏನೋ ತಣ್ಣಗಾಯಿತು.

ಮನೆ ಮನೆ ಪ್ರಕಾರ ಹೆಸರು ಕರೆದೆವು. ಕೊನೆಗೆ ಉಳಿದವನು ನನ್ನ ಮುಂದೆ ಹಗ್ಗ ಎಳೆದ ಅದೇ ಹುಡುಗ. ತಲೆ ಮೇಲೆ ಹಳದಿ ಟೋಪಿ ಬೇರೆ. ಬಿಸಿಲು ಅಂತ ನನ್ನ ಮಗಳೇ ತನ್ನದನ್ನು ಬಿಚ್ಚಿ ಅವನಿಗೆ ಹಾಕಿದ್ದಳಂತೆ. ನಿಮ್ಮವರು ಎಲ್ಲಪ್ಪ ಅಂದರೆ ಅವನು ಕೈ ಎತ್ತಿ ಇಡೀ ಕೆರೆಯನ್ನೇ ತೋರಿಸಿದ. ಮೇಡಂ ಇಬ್ಬರನ್ನು ದೋಣಿ ಕಟ್ಟೆಯ ಮೈಕಿಗೆ ಓಡಿಸಿದರು. ನನಗೂ ಅವನಿಗೂ "ಇಲ್ಲಿಂದ ಅಲ್ಲಾಡಬೇಡಿ" ಅಂದರು. ನೀರಿನ ಹತ್ತಿರ ಮಗು ಕಾಣಿಸದಿದ್ದರೆ ಮೊದಲು ನೀರಿನಲ್ಲೇ ಹುಡುಕಬೇಕು, ಮುಳುಗುವ ಮಗು ಎಷ್ಟೋ ಸಲ ಕೂಗುವುದೇ ಇಲ್ಲ ಅಂತ ಅವರು ಆಗ ಹೇಳಿದ್ದು. ಅವನ ಮನೆಯವರಿಗೂ ಅದು ಗೊತ್ತಿತ್ತು ಅಂತ ಕಾಣುತ್ತದೆ. ಮರಗಳ ಆಚೆ, ನಮಗೆ ಕಾಣದ ಮೂಲೆಯಲ್ಲಿ, ನಾವು ಹೋ ಅಂತ ಕಿರುಚುತ್ತಾ ಹಗ್ಗ ಎಳೆಯುತ್ತಿದ್ದ ಹೊತ್ತಿನಲ್ಲೇ ಅವರು ನೀರಿಗಿಳಿದು ಹುಡುಕುತ್ತಿದ್ದರು.

ಮೈಕಿನಲ್ಲಿ ಹೇಳಿದ ಎರಡೇ ನಿಮಿಷಕ್ಕೆ ಅವನ ಅಮ್ಮ ಓಡಿ ಬಂದರು. ಬಟ್ಟೆ ಸೊಂಟದವರೆಗೆ ಒದ್ದೆ. ಬೈಯಲಿಲ್ಲ, ಅಳಲಿಲ್ಲ. ಟೋಪಿ ಎತ್ತಿ ಅವನ ಕೂದಲು ಮುಟ್ಟಿ ನೋಡಿದರು. ಒಣಗಿತ್ತು. ಅಂಗಿ ಮುಟ್ಟಿದರು. ಅದೂ ಒಣಗಿತ್ತು. ಮತ್ತೆ ಕೂದಲು ಮುಟ್ಟಿದರು. ಆ ಹುಡುಗನ ಅಪ್ಪ ಹಿಂದಿನಿಂದ ಬಂದು ನನ್ನ ಮೇಲೆ ರೇಗಿದರು. "ಇಷ್ಟೊತ್ತು ಜೊತೇಲಿ ಇಟ್ಕೊಂಡಿದ್ದೀರಲ್ಲ, ಯಾರ ಮಗು ನೀನು ಅಂತ ಒಂದು ಮಾತು ಕೇಳಬಾರದಾ?"

ಅವರೂ ಸ್ವಲ್ಪ ನೋಡಿಕೊಳ್ಳಬೇಕಿತ್ತು ಅಂತ ನಮ್ಮ ಗುಂಪಿನಲ್ಲಿ ಯಾರೋ ಗೊಣಗಿದರು. ನನಗೆ ಹಾಗೆ ಅನ್ನೋ ಧೈರ್ಯ ಬರಲಿಲ್ಲ. ಅರ್ಧ ಗಂಟೆ ಅವನ ಬೆನ್ನು ನೋಡುತ್ತಾ ನಿಂತಿದ್ದೆ. ಹಿಮ್ಮಡಿ ಊರೋದು ಹೇಳಿಕೊಟ್ಟಿದ್ದೆ. ಹೆಸರು ಕೇಳಿರಲಿಲ್ಲ.

ಊಟ ಆಯಿತು. ನಮ್ಮಪ್ಪ ಮರದ ಕೆಳಗೆ ನಿದ್ದೆ ಹೊಡೆದರು, ಮಕ್ಕಳು ಮತ್ತೆ ದೋಣಿ ಹತ್ತಿದರು. ನಾನು ಯಾರೂ ಹೇಳದಿದ್ದರೂ ಗಂಟೆಗೊಂದು ಸಲ ಎಣಿಸುತ್ತಿದ್ದೆ. ಹೆಂಡತಿ ನೋಡಿ ನಕ್ಕಳು, ಆದರೆ ಸಾಕು ಅನ್ನಲಿಲ್ಲ.

ಸಂಜೆ ಬಸ್ ಹೊರಡುವ ಮುಂಚೆ ಮೇಡಂ ಬಾಗಿಲ ಹತ್ತಿರ ನಿಂತು ಎಷ್ಟು ಅಂದರು. ತಲೆ 43, ಟೋಪಿ 42 ಅಂದೆ.