ಮಳೆ, ಹಿಮ, ಗಾಳಿಗೆ ಜಗ್ಗದ ಬೋರ್ಡು: ಈ ವರ್ಷದ ಕೆಲಸ ಇಲ್ಲಿವರೆಗೆ

ನಮ್ಮ ಮನೆ ಅಂಗಳದ ದೀಪ ಪ್ರದರ್ಶನಕ್ಕೆ ಈ ವರ್ಷ ಹೊಸ ಲೈಟು ಒಂದೂ ಕೊಂಡಿಲ್ಲ. ಪೂರ್ತಿ ಗಮನ ನೋಡಲು ಬರುವವರಿಗಾಗಿ ಅಂಗಳದಲ್ಲಿ ನಿಲ್ಲಿಸುವ ಬೋರ್ಡುಗಳ ಮೇಲೆ. ದೀಪಾವಳಿಗೆ ಹಚ್ಚಿದ ದೀಪಗಳನ್ನು ನಾವು ಕ್ರಿಸ್‌ಮಸ್ ದಾಟಿಸಿ ಹೊಸ ವರ್ಷದವರೆಗೂ ಇಳಿಸುವುದಿಲ್ಲ. ಆ ಅವಧಿಯಲ್ಲಿ ಅಮೆರಿಕದ ಈ ಒಹಾಯೊದ ಹವೆ ಎಲ್ಲ ವೇಷವನ್ನೂ ಹಾಕುತ್ತದೆ. ಮೊದಲು ಒಳ್ಳೆ ಬಿಸಿಲು, ಆಮೇಲೆ ವಾರಗಟ್ಟಲೆ ಜಿಟಿಜಿಟಿ ಮಳೆ, ಡಿಸೆಂಬರ್ ಬಂತೆಂದರೆ ಹಗಲು ಕರಗಿ ರಾತ್ರಿ ಗಟ್ಟಿಯಾಗುವ ಹಿಮ, ಅದರ ಮೇಲೆ ರಸ್ತೆಗೆ ಸುರಿದ ಉಪ್ಪನ್ನು ಕೆಸರಿನ ಜೊತೆ ಎತ್ತಿ ಅಂಗಳಕ್ಕೆ ಎರಚುವ, ಹಿಮ ತಳ್ಳುವ ಪ್ಲೌ ಗಾಡಿ. ದೀಪಗಳನ್ನು ಇದಕ್ಕೆಂದೇ ಮಾಡಿರುತ್ತಾರೆ. ಬೋರ್ಡನ್ನು ನಾವೇ ಮಾಡಬೇಕು.

ಬೋರ್ಡು ಯಾಕೆ ಅಷ್ಟು ಮುಖ್ಯ ಅಂದರೆ, ಹಾಡಿಗೆ ಕುಣಿಯುವ ದೀಪಗಳ ಹಾಡು ರಸ್ತೆಯಲ್ಲಿ ಕೇಳಿಸುವುದಿಲ್ಲ. ಕಾರಿನ ರೇಡಿಯೊದಲ್ಲಿ ನಮ್ಮ ಪುಟ್ಟ ಎಫ್‌ಎಂ ಟ್ರಾನ್ಸ್‌ಮಿಟರ್‌ನ ನಂಬರ್ ಹಚ್ಚಬೇಕು. ಲೈಸೆನ್ಸ್ ಇಲ್ಲದ ಟ್ರಾನ್ಸ್‌ಮಿಟರ್‌ಗೆ ಇಲ್ಲಿನ ನಿಯಮ ಬಿಡುವ ಶಕ್ತಿ ತುಂಬಾ ಕಮ್ಮಿ, ಸುಮಾರು 200 ಅಡಿ ಹೋದರೆ ಹೆಚ್ಚು. ಅಂದರೆ ಕಾರು ಆ 200 ಅಡಿಯೊಳಗೆ ಬಂದ ಕೂಡಲೇ ನಂಬರ್ ಕಾಣಬೇಕು. ಅದು ಕಾಣದಿದ್ದರೆ ಜನ ಸುಮ್ನೆ ಮೂಕ ದೀಪ ನೋಡಿ ಹೋಗುತ್ತಾರೆ. ಇನ್ನೊಂದು ಕಾರಣ ಟ್ರಾಫಿಕ್ಕು. ಇದೇ ಒಹಾಯೊದ ಮೇಸನ್ ಊರಲ್ಲಿ ಕಾರ್ಸನ್ ವಿಲಿಯಮ್ಸ್ ಎಂಬ ಎಂಜಿನಿಯರ್ ಮನೆ ದೀಪಗಳ ವಿಡಿಯೊ 2005ರಲ್ಲಿ ಪ್ರಪಂಚವನ್ನೆಲ್ಲ ಸುತ್ತಿತು. ಅವರೂ ಎಫ್‌ಎಂನಲ್ಲೇ ಹಾಡು ಕೇಳಿಸುತ್ತಿದ್ದರು. ಆದರೆ ನೋಡಲು ಬಂದ ಕಾರುಗಳು ಎಷ್ಟಾದವು ಅಂದರೆ ಆ ಡಿಸೆಂಬರಲ್ಲೇ ಪ್ರದರ್ಶನವನ್ನು ನಿಲ್ಲಿಸಬೇಕಾಯಿತು. ನಮ್ಮದು ಆ ಮಟ್ಟದ್ದಲ್ಲ. ಆದರೂ ಪಕ್ಕದ ಮನೆಯವರ ಡ್ರೈವ್‌ವೇ ಮುಂದೆ ಯಾರೂ ನಿಲ್ಲಬಾರದು, ಅದು ನನ್ನ ಜವಾಬ್ದಾರಿ.

ಹಾಗಾಗಿ ಮಾಡುತ್ತಿರುವುದು ಮೂರು ಬೋರ್ಡು: ಎಫ್‌ಎಂ ನಂಬರಿನದು, ಡ್ರೈವ್‌ವೇ ಬಿಟ್ಟು ನಿಲ್ಲಿಸಿ ಅನ್ನುವುದು, ಮತ್ತೆ ಕನ್ನಡದಲ್ಲಿ ‘ದೀಪಾವಳಿ ಹಬ್ಬದ ಶುಭಾಶಯಗಳು’.

ಸೆಪ್ಟೆಂಬರಲ್ಲಿ ಹಳೇ ಬೋರ್ಡುಗಳನ್ನು ಗರಾಜಿನಿಂದ ಇಳಿಸಿ ಒಂದೊಂದನ್ನೂ ಸರಿಯಾಗಿ ನೋಡಿದೆ. ಮುಖದ ಮೇಲಿನ ಬಣ್ಣ ಎಲ್ಲದರಲ್ಲೂ ಚೆನ್ನಾಗಿಯೇ ಇದೆ. ಕೆಟ್ಟಿರುವುದೆಲ್ಲ ಅಂಚಿನಲ್ಲಿ ಮತ್ತು ಸ್ಕ್ರೂ ತೂತಿನ ಸುತ್ತ. ಪ್ಲೈವುಡ್ ಬೋರ್ಡಿನ ಕೆಳಗಿನ ಅಂಚು ಊದಿ ಪದರ ಬಿಟ್ಟಿದೆ. ಮೇಲೆ ಬೆರಳಾಡಿಸಿದರೆ ನುಣ್ಣಗಿದೆ, ಕೆಳಗೆ ಉಗುರು ಹಾಕಿದರೆ ಪದರದೊಳಗೆ ಹೋಗುತ್ತದೆ. ಕತ್ತರಿಸಿದ ಅಂಚಿನಲ್ಲಿ ಮರದ ನಾರಿನ ಬಾಯಿ ತೆರೆದಿರುತ್ತದೆ, ಬತ್ತಿ ಎಣ್ಣೆ ಹೀರಿದ ಹಾಗೆ ನೀರು ಮೇಲಕ್ಕೇರುತ್ತದೆ. ಆ ನೀರು ರಾತ್ರಿ ಹೆಪ್ಪುಗಟ್ಟಿದಾಗ ಸುಮಾರು 9 ಶೇಕಡ ಹಿಗ್ಗುತ್ತದೆ, ಪದರವನ್ನು ಬಿಡಿಸುತ್ತದೆ. ಬೆಳಗ್ಗೆ ಕರಗಿ ಇನ್ನಷ್ಟು ನೀರಿಗೆ ಜಾಗ ಕೊಡುತ್ತದೆ. ಮುಖಕ್ಕೆ ಇನ್ನೂ ಎರಡು ಕೋಟ್ ಬಣ್ಣ ಹೊಡೆದರೂ ಇದು ಸರಿಹೋಗುವುದಿಲ್ಲ. ನನ್ನ ಮಟ್ಟಿಗೆ ಬೋರ್ಡಿನ ಆಯುಸ್ಸು ಇರುವುದು ಅಂಚಿನಲ್ಲೇ, ಈ ಸಲದ ಕೆಲಸವೆಲ್ಲ ಆ ಲೆಕ್ಕದಲ್ಲೇ ನಡೆದಿದೆ.

ದೊಡ್ಡ ಬೋರ್ಡುಗಳೆರಡಕ್ಕೂ ಎಂಡಿಒ ಹಲಗೆ, ಅರ್ಧ ಇಂಚಿನದು. ಇದೂ ಪ್ಲೈವುಡ್ಡೇ, ಆದರೆ ಮುಖಕ್ಕೆ ರಾಳ ಹೀರಿಸಿದ ಕಾಗದ ಅಂಟಿಸಿರುತ್ತಾರೆ, ಒಳಗಿನ ಅಂಟೂ ನೀರು ತಡೆಯುವಂಥದ್ದು. ಇಲ್ಲಿ ಸೈನ್ ಬರೆಯುವವರು ತುಂಬಾ ಹಿಂದಿನಿಂದ ಬಳಸುತ್ತಾ ಬಂದ ಹಲಗೆ. ಕತ್ತರಿಸಿದ ಮೇಲೆ ನಾಲ್ಕೂ ಅಂಚನ್ನು ರೌಟರಲ್ಲಿ (ಮರ ಕೆತ್ತುವ ಮಷೀನು) ಸ್ವಲ್ಪ ದುಂಡಗೆ ಮಾಡಿದೆ. ಚೂಪಾದ ಮೂಲೆಯಲ್ಲಿ ಬಣ್ಣ ನಿಲ್ಲುವುದಿಲ್ಲ, ಒಣಗುವಾಗ ಎರಡೂ ಕಡೆಗೆ ಎಳೆದುಕೊಂಡು ಮೂಲೆಯ ಮೇಲೆ ತೆಳ್ಳಗಾಗುತ್ತದೆ, ಮೊದಲ ಬಿರುಕು ಅಲ್ಲೇ. ದುಂಡಗಿದ್ದರೆ ಪದರ ಒಂದೇ ದಪ್ಪ ಕೂರುತ್ತದೆ. ಆಮೇಲೆ ಅಂಚಿಗೆ ಎಪಾಕ್ಸಿ, ಅಂದರೆ ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಅಂಟು, ಸವರಿದೆ. ಮೊದಲ ಸಲ ಹಚ್ಚಿದ್ದು ನೋಡನೋಡುತ್ತಲೇ ಒಳಗೆ ಮಾಯವಾಯಿತು, ಅಂದರೆ ನಾರು ಕುಡಿಯುತ್ತಿದೆ ಅಂತ. ಹೊಳಪು ಮೇಲೇ ನಿಲ್ಲುವವರೆಗೆ ಹಚ್ಚುತ್ತಾ ಹೋಗಬೇಕು. ಕೆಳಗಿನ ಅಂಚನ್ನು ಹಿಂದಕ್ಕೆ ಓರೆ ಮಾಡಿದ್ದೇನೆ, ಹನಿ ಅಲ್ಲಿ ನಿಲ್ಲದೆ ಬೀಳಲಿ ಅಂತ.

ಬೋಲ್ಟ್ ತೂತಿಗೂ ಇದೇ ಉಪಚಾರ. ಬೇಕಾದ್ದಕ್ಕಿಂತ ದೊಡ್ಡ ತೂತು ಕೊರೆದು, ಹಿಂದೆ ಟೇಪ್ ಹಚ್ಚಿ, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸರಿಯಾದ ಅಳತೆಯ ತೂತು ಕೊರೆದೆ. ಈಗ ಬೋಲ್ಟ್ ಮರವನ್ನು ಮುಟ್ಟುವುದೇ ಇಲ್ಲ. ಬೋಲ್ಟು, ವಾಷರ್ ಎಲ್ಲ ಸ್ಟೇನ್‌ಲೆಸ್. ರಸ್ತೆಯ ಉಪ್ಪು ಮಾಮೂಲಿ ಕಬ್ಬಿಣದ ಸ್ಕ್ರೂವನ್ನು ಬೇಗ ತಿಂದುಹಾಕುತ್ತದೆ. ಬೋರ್ಡಿನ ಹಿಂಬದಿಗೂ ಮುಂದಿನಷ್ಟೇ ಕೋಟ್ ಬಣ್ಣ. ಕಾಣುವುದಿಲ್ಲ ಅಂತ ಬಿಟ್ಟರೆ ಒಂದು ಕಡೆ ಮಾತ್ರ ತೇವ ಹೀರಿ ಹಲಗೆ ಬಾಗುತ್ತದೆ.

ಡ್ರೈವ್‌ವೇ ಬೋರ್ಡು ಚಿಕ್ಕದು, ಅದಕ್ಕೆ ಕೊರೊಪ್ಲಾಸ್ಟ್ ಸಾಕು. ಚುನಾವಣೆ ಸಮಯದಲ್ಲಿ ಇಲ್ಲಿನ ಅಂಗಳಗಳಲ್ಲಿ ಕಾಣುವ ಪ್ಲಾಸ್ಟಿಕ್ ಹಲಗೆ, ನಡುವೆ ಸಾಲು ಸಾಲು ಕೊಳವೆ ಇರುವುದು. ಕೊಳವೆಗಳು ನೆಟ್ಟಗೆ ಬರುವ ಹಾಗೆ ಕತ್ತರಿಸಿದರೆ ತಂತಿ ಕಾಲು ಒಳಗೆ ಕೂರುತ್ತದೆ. ಮೇಲಿನ ಬಾಯಿಗೆ ಹೊರಾಂಗಣದ ಟೇಪ್, ಕೆಳಗಿನದನ್ನು ಮುಚ್ಚಲೇಬಾರದು. ಎಷ್ಟು ಮುಚ್ಚಿದರೂ ಸ್ವಲ್ಪ ನೀರು ಸೇರಿಯೇ ಸೇರುತ್ತದೆ, ಅದಕ್ಕೆ ದಾರಿ ಬೇಕಲ್ವಾ. ಇದು ಪಾಲಿಪ್ರೊಪಿಲೀನ್ ಆದ್ದರಿಂದ ಮಾಮೂಲಿ ಬಣ್ಣ ಹಿಡಿಯುವುದಿಲ್ಲ, ಉಗುರಲ್ಲಿ ಕೆರೆದರೆ ಸಿಪ್ಪೆಯಾಗಿ ಬರುತ್ತದೆ. ಅಕ್ಷರಕ್ಕೆ ವಿನೈಲ್, ಅಂದರೆ ಹಿಂದೆ ಅಂಟು ಇರುವ ಪ್ಲಾಸ್ಟಿಕ್ ಹಾಳೆ, ಒಳ್ಳೆಯದು.

ವಿನೈಲ್ ವಿಷಯದಲ್ಲಿ ನನಗೆ ಕಾದಾಟ ಇದ್ದದ್ದು ಹವೆಯ ಜೊತೆ. ಅಂಟು ಚಳಿಗೆ ಗಟ್ಟಿಯಾಗುತ್ತದೆ, ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹಚ್ಚಿದರೆ ಕೂತ ಹಾಗೆ ಕಾಣುತ್ತದೆ ಅಷ್ಟೆ, ಒಂದು ಗಾಳಿಗೆ ಮೂಲೆ ಏಳುತ್ತದೆ. ಒಮ್ಮೆ ಬೆಚ್ಚಗೆ ಹಚ್ಚಿದ ಮೇಲೆ ಎಷ್ಟು ಚಳಿಯಾದರೂ ತೊಂದರೆ ಇಲ್ಲ. ಹಾಗಾಗಿ ಅಕ್ಷರ ಹಚ್ಚುವ ಕೆಲಸವನ್ನು ಮನೆಯೊಳಗೆ ಊಟದ ಮೇಜಿನ ಮೇಲೆ ಮುಗಿಸಿದೆ, ಮನೆಯವರು ಸಹಕರಿಸಿದರು. ಬಣ್ಣ ಹೊಡೆದ ಹಲಗೆಯನ್ನು ಅದಕ್ಕೆ ಮೊದಲು ವಾರಗಟ್ಟಲೆ ಒಣಗಲು ಬಿಡಬೇಕು. ಮುಟ್ಟಿದರೆ ಒಣಗಿದೆ ಅನ್ನಿಸಿದರೂ ಬಣ್ಣದಿಂದ ಆವಿ ಬರುತ್ತಲೇ ಇರುತ್ತದೆ, ವಿನೈಲ್ ಕೆಳಗೆ ಗುಳ್ಳೆ ಕಟ್ಟುತ್ತದೆ. ಬಳಸಿದ್ದು ಓರಾಕಲ್ 651 ಅನ್ನುವ ವಿನೈಲ್, ಬೋರ್ಡಿಗೆ ಅದು ಧಾರಾಳ ಆಯಿತು.

ಎಫ್‌ಎಂ ನಂಬರಿಗೆ ಮಾತ್ರ ರಿಫ್ಲೆಕ್ಟಿವ್ ಹಾಳೆ. ಇದರ ಒಳಗೆ ಸಣ್ಣ ಗಾಜಿನ ಮಣಿಗಳಿರುತ್ತವೆ, ಹೆಡ್‌ಲೈಟ್ ಬೆಳಕನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸುತ್ತವೆ, ಅಂದರೆ ಡ್ರೈವರ್ ಕಣ್ಣಿಗೇ. ವೈರು ಬೇಡ, ಕರೆಂಟು ಬೇಡ, ಹಿಮ ಬಿದ್ದರೂ ಒರೆಸಿದರೆ ಮುಗಿಯಿತು. ಅಕ್ಷರದ ಅಳತೆಗೆ ಇಲ್ಲಿನ ರಸ್ತೆ ಫಲಕಗಳ ಲೆಕ್ಕ ತಗೊಂಡೆ: ಒಂದು ಇಂಚು ಎತ್ತರಕ್ಕೆ 30 ಅಡಿ ದೂರದಿಂದ ಓದಬಹುದು. 6 ಇಂಚಿನ ಅಂಕಿ 180 ಅಡಿಗೆ ಕಾಣುತ್ತದೆ. ಗಂಟೆಗೆ 25 ಮೈಲಿಯಲ್ಲಿ ಬರುವ ಕಾರು ಅಷ್ಟು ದೂರವನ್ನು ಐದು ಸೆಕೆಂಡಲ್ಲಿ ದಾಟುತ್ತದೆ. ಐದು ಸೆಕೆಂಡಿಗೆ ನಂಬರು ಮತ್ತು ‘ರೇಡಿಯೊ’ ಅನ್ನುವ ಒಂದು ಪದ ಸಾಕು. ಮನೆ ಹೆಸರು, ಶುಭಾಶಯ, ಹೂಬಳ್ಳಿ ಎಲ್ಲ ಆ ಬೋರ್ಡಿಂದ ತೆಗೆದುಹಾಕಿದೆ.

ಕನ್ನಡ ಬೋರ್ಡಿಗೆ ಜಾಸ್ತಿ ಸಮಯ ಹಿಡಿಯಿತು, ಅದು ಖುಷಿಯ ಕೆಲಸವೂ ಹೌದು. ವಿನೈಲ್ ಕತ್ತರಿಸುವ ಕಟರ್ ಮಷೀನಿನ ಜೊತೆ ಬಂದ ಸಾಫ್ಟ್‌ವೇರಲ್ಲಿ ‘ಹಬ್ಬ’ದ ಒತ್ತು ಕಳಚಿಕೊಂಡು ಪಕ್ಕಕ್ಕೆ ಬಂತು. ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರಲ್ಲಿ ಬರೆದಾಗ ಸರಿಯಾಗಿ ಕೂತಿತು. ಅಲ್ಲಿ ಅಕ್ಷರವನ್ನು ಪಾತ್ (ಬರೀ ಗೆರೆಯ ಆಕಾರ) ಮಾಡಿ, ಆಮೇಲೆ ಆಕಾರಗಳನ್ನು ಒಂದಾಗಿಸುವ ಯೂನಿಯನ್ ಕೊಡಲೇಬೇಕು. ‘ಶು’ವಿನ ಕೊಂಬು ಅಕ್ಷರದ ಮೈಗೆ ತಾಗುವ ಕಡೆ ಎರಡು ಆಕಾರ ಒಂದರ ಮೇಲೊಂದು ಇರುತ್ತವೆ, ಹಾಗೇ ಕಳಿಸಿದರೆ ಬ್ಲೇಡು ಅಕ್ಷರವನ್ನೇ ಸೀಳಿಬಿಡುತ್ತದೆ. ಫಾಂಟ್ ಬಲೂ ತಮ್ಮ. ದಪ್ಪ, ದುಂಡಗೆ, ಎಲ್ಲೂ ತೆಳ್ಳಗಿನ ಬಾಲ ಇಲ್ಲ. ತೆಳ್ಳಗಿನ ಗೆರೆ ಚಂದ ಕಾಣಬಹುದು, ಆದರೆ ವಿನೈಲ್ ಏಳುವುದು ಅಲ್ಲಿಂದಲೇ. ‘ಭ’ದ ಕೆಳಗಿನ ಸೀಳು ಮಾತ್ರ ಫಾಂಟಲ್ಲಿದ್ದಷ್ಟು ಸಾಲದು ಅನ್ನಿಸಿ ನಾನೇ ಸ್ವಲ್ಪ ಅಗಲ ಮಾಡಿದೆ. ರಸ್ತೆಯಿಂದ ನೋಡಿದಾಗ ‘ಭ’ ‘ಬ’ ಆಗಬಾರದು. ಈ ಬೋರ್ಡು ಮೊದಲ ಸಾಲಿನಲ್ಲಿ ನಿಲ್ಲುತ್ತದೆ. ಸುತ್ತಮುತ್ತಲ ಕನ್ನಡದ ಮನೆಗಳವರು ಮಕ್ಕಳನ್ನು ಕರೆದುಕೊಂಡು ಬರುತ್ತಾರೆ, ಆ ಮಕ್ಕಳು ಕಾರಿನ ಕಿಟಕಿಯಿಂದ ಕೂಡಿಸಿ ಕೂಡಿಸಿ ಓದುವುದನ್ನು ಕೇಳಬೇಕು ಅನ್ನುವ ಆಸೆ ನನಗೆ ದೊಡ್ಡದು.

ಗಾಳಿಯ ಲೆಕ್ಕ ಬಿಡುವ ಹಾಗಿಲ್ಲ. ಗಂಟೆಗೆ 40 ಮೈಲಿ ಗಾಳಿ ಒಂದು ಚದರ ಅಡಿಯ ಮೇಲೆ ಸುಮಾರು 4 ಪೌಂಡ್ ಒತ್ತುತ್ತದೆ. 2 ಅಡಿ ಅಗಲ, 3 ಅಡಿ ಉದ್ದದ ಬೋರ್ಡಿಗೆ 24 ಪೌಂಡ್, ಅಂದರೆ ಹತ್ತಿರ ಹತ್ತಿರ 11 ಕೆಜಿ. ವೇಗ ಎರಡರಷ್ಟಾದರೆ ತಳ್ಳುವ ಬಲ ನಾಲ್ಕರಷ್ಟು. ತಂತಿ ಕಾಲು ಇದಕ್ಕೆ ತಡೆಯುವುದಿಲ್ಲ. ದೊಡ್ಡ ಬೋರ್ಡುಗಳಿಗೆ ನೆಲಕ್ಕೆ ರೀಬಾರ್ (ಕಾಂಕ್ರೀಟಿಗೆ ಹಾಕುವ ಕಬ್ಬಿಣದ ಸರಳು) ಹೊಡೆದು ಅದರ ಮೇಲೆ ಕಬ್ಬಿಣದ ಪೈಪು ಇಳಿಸುತ್ತೇನೆ, ಪೈಪಿಗೆ ಬೋರ್ಡು. ಜನವರಿಯಲ್ಲಿ ನೆಲ ಗಟ್ಟಿಯಾಗಿದ್ದರೂ ಪೈಪನ್ನು ಎತ್ತಿ ಬಿಚ್ಚಬಹುದು, ರೀಬಾರನ್ನು ವಸಂತದಲ್ಲಿ ಕಿತ್ತರಾಯಿತು, ಅಲ್ಲಿವರೆಗೆ ಆ ಸರಳಿನ ತಲೆಗೆ ಟೋಪಿ ಹಾಕಿರಬೇಕು. ನೆಲಕ್ಕೆ ಏನು ಹೊಡೆಯುವ ಮೊದಲೂ 811ಕ್ಕೆ ಫೋನ್ ಮಾಡಿ. ಅವರು ಬಂದು ಗ್ಯಾಸು, ಕರೆಂಟು ಹೋಗುವ ದಾರಿಗೆ ಬಣ್ಣ ಬಳಿದು ಹೋಗುತ್ತಾರೆ, ದುಡ್ಡಿಲ್ಲ. ಫುಟ್‌ಪಾತಿಗೂ ರಸ್ತೆಗೂ ನಡುವಿನ ಹುಲ್ಲಿನ ಪಟ್ಟಿಯಲ್ಲಿ ಬೋರ್ಡು ನೆಡಬೇಡಿ. ಅದು ಊರಿನ ಜಾಗ, ಪ್ಲೌ ಎರಚುವ ಕೆಸರೂ ಮೊದಲು ಅಲ್ಲಿಗೇ.

ಕನ್ನಡ ಬೋರ್ಡಿನ ಮೇಲೆ ಬೆಳಕು ಬೀಳಲು ಒಂದು ಚಿಕ್ಕ ಎಲ್‌ಇಡಿ ಫ್ಲಡ್‌ಲೈಟ್ ಕೆಳಗಿನಿಂದ. ಅದರ ವೈರು ಕನೆಕ್ಷನ್ ಇರುವ ಡಬ್ಬಿಗೆ ಹೋಗುವ ಮುಂಚೆ ಒಂದು ಜೋತು ಬಿಟ್ಟಿದ್ದೇನೆ, ವೈರ್ ಹಿಡಿದು ಬರುವ ನೀರು ಆ ಜೋತಿನ ತಳದಲ್ಲೇ ತೊಟ್ಟಿಕ್ಕುತ್ತದೆ, ಡಬ್ಬಿ ಬಾಯಿಗೆ ಹತ್ತುವುದಿಲ್ಲ. ಡಬ್ಬಿಯ ತಳಕ್ಕೂ ಒಂದು ಸಣ್ಣ ತೂತು, ಒಳಗಿನ ಗಾಳಿಯ ತೇವವೇ ಚಳಿಗೆ ಹನಿಯಾಗಿ ನಿಲ್ಲುತ್ತದಲ್ಲ, ಅದಕ್ಕೆ. ಪ್ಲಗ್ ಇರುವುದು ಜಿಎಫ್‌ಸಿಐ ಸಾಕೆಟ್ಟಲ್ಲಿ, ಅಂದರೆ ಕರೆಂಟು ಸೋರಿದರೆ ಕೂಡಲೇ ಕಡಿಯುವಂಥದ್ದು. ಅದಿಲ್ಲದೆ ಹೊರಗೆ ಏನೂ ಹಚ್ಚುವುದಿಲ್ಲ.

ಸದ್ಯಕ್ಕೆ ಎಫ್‌ಎಂ ಬೋರ್ಡು, ಡ್ರೈವ್‌ವೇ ಬೋರ್ಡು ತಯಾರು. ಕನ್ನಡದ್ದರಲ್ಲಿ ‘ಶುಭಾಶಯಗಳು’ ಸಾಲು ಹಚ್ಚಿ ಆಗಿದೆ, ಮೇಲಿನ ಸಾಲು ಬಾಕಿ. 811ರವರು ಗುರುತು ಹಾಕಿ ಹೋದ ಮೇಲೆ ರೀಬಾರ್ ಹೊಡೆಯುತ್ತೇನೆ. ಅಷ್ಟರೊಳಗೆ ಕನ್ನಡ ಬೋರ್ಡನ್ನು ಹಿತ್ತಿಲಲ್ಲಿ ನಿಲ್ಲಿಸಿ, ಕೆಳಗಿನ ಅಂಚಿಗೆ ಪೈಪಿಂದ ನೀರು ಹಾಯಿಸಿ, ಒಂದು ರಾತ್ರಿ ಅಲ್ಲೇ ಬಿಟ್ಟು ನೋಡುವುದಿದೆ.